ದನದ ಲೆಕ್ಕ ಮೂರು ಸಲ ಆಯಿತು, ಕೇರಿಯ ಲೆಕ್ಕ ಯಾವಾಗ?

ತರೀಕೆರೆ ಏರಿ ಮೇಲೆ ಎಷ್ಟು ಕರಿ ಕುರಿಮರಿ ಮೇಯುತ್ತಿದ್ದವು ಅಂತ ಕೇಳಿದರೆ ಕರ್ನಾಟಕದ ಯಾವ ಮಗುವಾದರೂ ಹೇಳುತ್ತದೆ. ನಾಲಿಗೆ ಹೊರಳಲಿ ಅಂತ ಶಾಲೆಯಲ್ಲಿ ಕಲಿಸಿದ್ದಾರೆ. ಆದರೆ ಆ ಏರಿ ಕೆಳಗಿನ ಕೇರಿಯಲ್ಲಿ ಎಷ್ಟು ಜನ ಇದ್ದಾರೆ, ಅವರಲ್ಲಿ ಎಷ್ಟು ಜನಕ್ಕೆ ಮಂಡಿ ಬಗ್ಗುವುದಿಲ್ಲ, ಎಷ್ಟು ಹೆಂಗಸರು ಮೈಯಲ್ಲಿ ರಕ್ತವಿಲ್ಲದೆ ಬಿಳಿಚಿಕೊಂಡಿದ್ದಾರೆ ಅಂತ ಕೇಳಿ ನೋಡಿ. ತಾಲ್ಲೂಕಾಫೀಸು, ಆಸ್ಪತ್ರೆ, ಪಂಚಾಯ್ತಿ, ಯಾರ ನಾಲಿಗೆಯೂ ಹೊರಳುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ ಗೆಳೆಯರೆ. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಕೇಂದ್ರ ಇದೆ. 1929ರಿಂದ ಇದೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಈ ಸೀಮೆಯ ಕಾವಲುಗಳಲ್ಲಿ ಮೇದು ಬೆಳೆದ ದನ ಅವು. ದೇಶದ ದನಗಣತಿ 2012ರಲ್ಲಿ ಆಯಿತು. 2019ರಲ್ಲಿ ಆಯಿತು. 2024ರ ಅಕ್ಟೋಬರಿನಲ್ಲಿ 21ನೆಯ ದನಗಣತಿ ಶುರುವಾಯಿತು. ಇಷ್ಟು ವರ್ಷದಲ್ಲಿ ಮನುಷ್ಯರ ಗಣತಿ? 2011ರಲ್ಲಿ ಆದದ್ದೇ ಕೊನೆ. 2021ರಲ್ಲಿ ಆಗಬೇಕಿದ್ದದ್ದು ಆಗಲೇ ಇಲ್ಲ. ಹತ್ತು ವರ್ಷಕ್ಕೊಮ್ಮೆ ಎಣಿಸಬೇಕಾದ ಮನುಷ್ಯರನ್ನು ಬಿಟ್ಟು ದನವನ್ನು ಮೂರು ಸಲ ಎಣಿಸಿದ ದೇಶ ಇದು. ದನದ ಮೇಲೆ ನಮಗೆ ಸಿಟ್ಟಿಲ್ಲ. ದನ ಕಾದವರೂ ನಾವೇ, ಸತ್ತ ದನ ಹೊತ್ತವರೂ ನಾವೇ.

2011ರ ಲೆಕ್ಕ ಏನು ಹೇಳಿತು? ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,37,961. ಅದಕ್ಕೂ ಹತ್ತು ವರ್ಷ ಹಿಂದೆ, 2001ರಲ್ಲಿ, 11,40,905 ಇತ್ತು. ಅಂದರೆ ಕರ್ನಾಟಕವೆಲ್ಲ ಬೆಳೆಯುತ್ತಿದ್ದಾಗ ಈ ಜಿಲ್ಲೆ ಕುಗ್ಗಿತು. 1947ರ ತನಕ ಕಡೂರು ಜಿಲ್ಲೆ ಅಂತಲೇ ಇಡೀ ಜಿಲ್ಲೆಗೆ ಹೆಸರಿತ್ತು. ಹೆಸರೂ ಹೋಯಿತು, ಜನವೂ ಹೋಗುತ್ತಿದ್ದಾರೆ. ಯಾರು ಹೋಗುತ್ತಿರುವವರು? ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಗಾರ್ಮೆಂಟ್ಸಿಗೆ, ಸೆಕ್ಯುರಿಟಿ ಕೆಲಸಕ್ಕೆ ಕಡೂರು, ಬೀರೂರು ಸ್ಟೇಷನ್ನಲ್ಲಿ ರಾತ್ರಿ ರೈಲು ಹತ್ತುವ ಹುಡುಗರನ್ನು ನೀವು ನೋಡಿದ್ದೀರಿ. ನಿಮ್ಮಲ್ಲಿ ಎಷ್ಟೋ ಜನರ ಅಣ್ಣಂದಿರು, ಅಕ್ಕಂದಿರು ಅವರು. ಊರಲ್ಲಿ ಉಳಿದವರು ಮುದುಕರು, ಮಕ್ಕಳು, ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು.

ಜನ ಕಡಿಮೆಯಾದರೆ ರೋಗ ಕಡಿಮೆಯಾಗುತ್ತದೆಯೆ? ಆಗುವುದಿಲ್ಲ. ದುಡಿಯುವ ಗಟ್ಟಿಮೈಯವರು ಹೋಗಿ ಬಿ.ಪಿ., ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಮಂಡಿನೋವು ಇರುವವರು ಉಳಿದರೆ ಆಸ್ಪತ್ರೆಯ ಅಗತ್ಯ ಹೆಚ್ಚಬೇಕು. ಆದರೆ ಸರ್ಕಾರದ ಅಳತೆಗೋಲು ತಲೆ ಎಣಿಕೆ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ, 1,000 ಜನಕ್ಕೆ ಒಬ್ಬ ಆಶಾ. ಗುಡ್ಡಗಾಡಿಗೆ 20,000ಕ್ಕೆ ಒಂದು, 3,000ಕ್ಕೆ ಒಂದು. ಕಡೂರು ಗುಡ್ಡಗಾಡಲ್ಲ. ಇಡೀ ಜಿಲ್ಲೆಗೆ ಮಲೆನಾಡು, ಕಾಫಿ, ಜಲಪಾತ ಅಂತ ಬೋರ್ಡು ಹಾಕುತ್ತಾರೆ. ಕಡೂರು ತಾಲ್ಲೂಕಿನ ಮಳೆ ನೋಡಿದವರಿಗೆ ಆ ಬೋರ್ಡಿನ ಸುಳ್ಳು ಗೊತ್ತು.

ಇಲ್ಲೊಂದು ತಮಾಷೆ ಇದೆ. ಜನಸಂಖ್ಯೆ ಹತೋಟಿಯಲ್ಲಿಟ್ಟ ತಪ್ಪಿಗೆ ದೆಹಲಿಯವರು ತೆರಿಗೆ ಪಾಲಿನಲ್ಲಿ ನಮ್ಮನ್ನು ದಂಡಿಸಿದ್ದಾರೆ ಅಂತ ಬೆಂಗಳೂರು ಕೂಗುತ್ತದೆ. 15ನೇ ಹಣಕಾಸು ಆಯೋಗದಲ್ಲಿ ಕರ್ನಾಟಕದ ಪಾಲು 4.713ರಿಂದ 3.647ಕ್ಕೆ ಇಳಿಯಿತು. ಆ ಕೂಗು ನ್ಯಾಯವಾದದ್ದೇ. ಆದರೆ ಅದೇ ನ್ಯಾಯವನ್ನು ಬೆಂಗಳೂರು ಕಡೂರಿಗೆ ಯಾಕೆ ಕೊಡುವುದಿಲ್ಲ? ತಲೆ ಎಣಿಸಿ ಹಂಚಬೇಡಿ, ಅಗತ್ಯ ನೋಡಿ ಹಂಚಿ ಅಂತ ದೆಹಲಿಗೆ ಹೇಳುವವರು, ತಾಲ್ಲೂಕಿಗೆ ಬಂದಾಗ ತಲೆಯನ್ನೇ ಎಣಿಸುತ್ತಾರೆ.

ಎಣಿಸುವುದನ್ನಾದರೂ ನೆಟ್ಟಗೆ ಎಣಿಸುತ್ತಾರೆಯೆ? ಇದು ಮುಖ್ಯವಾದ ಮಾತು, ಸ್ವಲ್ಪ ನಿಧಾನವಾಗಿ ಓದಿ.

2011ರ ಗಣತಿಯ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರ ತನಕ. ಫೆಬ್ರವರಿಯಲ್ಲಿ ನಮ್ಮ ತಾಂಡಾಗಳಲ್ಲಿ, ಭೋವಿ ಕಾಲೋನಿಗಳಲ್ಲಿ, ಕೇರಿಗಳಲ್ಲಿ ಯಾರು ಇರುತ್ತಾರೆ? ಕಾಫಿ ಕೊಯ್ಲು ನವೆಂಬರಿನಲ್ಲಿ ಶುರುವಾದರೆ ರೊಬಸ್ಟಾ ಮುಗಿಯುವುದಕ್ಕೆ ಫೆಬ್ರವರಿ ದಾಟುತ್ತದೆ. ಗಂಡ ಹೆಂಡಿರು ಕೂಸು ಕಟ್ಟಿಕೊಂಡು ಎಸ್ಟೇಟಿನ ಲೈನಿನಲ್ಲಿರುತ್ತಾರೆ. ಗಣತಿಯ ಕಾನೂನು ಏನೆಂದರೆ, ಎಣಿಕೆಯ ಅಷ್ಟೂ ದಿನ ಮನೆಯಲ್ಲಿ ಇಲ್ಲದವರನ್ನು ಆ ಮನೆಯ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಎಲ್ಲಿ ಸಿಕ್ಕಿದರೋ ಅಲ್ಲಿನ ಲೆಕ್ಕ. ಎಸ್ಟೇಟಿನಲ್ಲಿ ಸಿಕ್ಕಿದರೆ ಮೂಡಿಗೆರೆಯ ಲೆಕ್ಕ. ಅಲ್ಲಿಯೂ ಸಿಗದಿದ್ದರೆ ಯಾವ ಲೆಕ್ಕವೂ ಇಲ್ಲ. ಮಳೆಗಾಲಕ್ಕೆ ಅವರು ತಾಂಡಾಕ್ಕೆ ವಾಪಸು ಬರುತ್ತಾರೆ. ಬಸುರಿ ಆಗುವುದು, ಹೆರುವುದು, ಜ್ವರ ಬರುವುದು, ಸಾಯುವುದು ಎಲ್ಲ ಇಲ್ಲೇ. ಆದರೆ ಅವರ ತಲೆಗೆ ಸಿಗಬೇಕಾದ ಆಶಾ, ಅಂಗನವಾಡಿ, ನರ್ಸಮ್ಮ ಇಲ್ಲಿಗೆ ಬರುವುದಿಲ್ಲ. ಹೀಗೆ ತಿಳಿಯಿರಿ: 1,000 ಜನರ ಊರಲ್ಲಿ 200 ಜನ ಎಸ್ಟೇಟಿನಲ್ಲಿದ್ದರೆ ಕಾಗದದ ಮೇಲೆ ಅದು 800ರ ಊರು. ಆ 800ರಲ್ಲಿ ಬೀಗ ಹಾಕಿದ ಮನೆ ಯಾರದು? ಗೌಡರದಲ್ಲ, ಶಾನುಭೋಗರದಲ್ಲ.

ಮುಂದಿನ ಗಣತಿಯಲ್ಲಿ ಎಲ್ಲರ ಜಾತಿಯನ್ನೂ ಎಣಿಸುತ್ತೇವೆ, ಎಣಿಕೆ 2027ರ ಫೆಬ್ರವರಿಯಲ್ಲಿ ಅಂತ 2025ರಲ್ಲಿ ಸರ್ಕಾರ ಪ್ರಕಟಿಸಿತು. ಮತ್ತೆ ಫೆಬ್ರವರಿ. ಮತ್ತೆ ಕಾಫಿ ಕೊಯ್ಲು.

ಇನ್ನು ಈ ಮೂರು ತಾಲ್ಲೂಕಿನ ಜನ ಯಾರು ಅಂತ ನೋಡೋಣ. ಮೂರು ಅನ್ನುವುದಕ್ಕೆ ಕಾರಣವಿದೆ, ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ 2018ರ ಹೊತ್ತಿಗೆ ತಾಲ್ಲೂಕು ಅನ್ನಿಸಿಕೊಂಡಿತು. ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು 2011ರಲ್ಲಿ ನೂರಕ್ಕೆ 22. ರಾಜ್ಯದಲ್ಲಿ ನೂರಕ್ಕೆ 17. ಪರಿಶಿಷ್ಟ ಪಂಗಡದವರು ಸುಮಾರು 4. ಅಂಕಿ ಇಷ್ಟು ಹೇಳಿ ಸುಮ್ಮನಾಗುತ್ತದೆ. ಆ 22ರ ಒಳಗೆ ಮಾದಿಗರಿದ್ದಾರೆ, ಹೊಲೆಯರಿದ್ದಾರೆ, ಲಂಬಾಣಿಗಳಿದ್ದಾರೆ, ಭೋವಿಗಳಿದ್ದಾರೆ, ಕೊರಮರಿದ್ದಾರೆ. ಹೊರಗೆ ಕುರುಬರು, ಗೊಲ್ಲರು, ಉಪ್ಪಾರರು, ನಾಯಕರು, ತರೀಕೆರೆ ಬೀರೂರಿನ ಪೇಟೆಯ ಬಡ ಮುಸ್ಲಿಮರು. ಕೆಮ್ಮಣ್ಣುಗುಂಡಿಯಲ್ಲಿ ಭದ್ರಾವತಿ ಕಾರ್ಖಾನೆಗೆ ಅದಿರು ಅಗೆದವರು, ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿಗೆ ಕಲ್ಲು ಮಣ್ಣು ಹೊತ್ತವರು, ಇವರ ಮಕ್ಕಳು ಮೊಮ್ಮಕ್ಕಳು. 2001-02ರಲ್ಲಿ ಹುಲಿಗೆ ಜಾಗ ಬೇಕು ಅಂತ ಭದ್ರಾ ಅಭಯಾರಣ್ಯದೊಳಗಿಂದ ಎಬ್ಬಿಸಿ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ತಂದು ಕೂರಿಸಿದ ಕಾಡಂಚಿನ ಸಂಸಾರಗಳು. ಕನ್ನಡ, ಲಂಬಾಣಿ, ತೆಲುಗು, ಉರ್ದು, ತಮಿಳು, ಕೊರಮರ ಮಾತು, ಎಲ್ಲ ಒಂದೇ ಆಸ್ಪತ್ರೆಯ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಡಾಕ್ಟರಿಗೆ ಐದು ನಿಮಿಷವಿಲ್ಲ. ತಾಂಡಾದ ಅಜ್ಜಿ ಎಲ್ಲಿ ನೋವು ಅಂತ ತನ್ನ ಮಾತಿನಲ್ಲಿ ಹೇಳುವಷ್ಟರಲ್ಲಿ ಚೀಟಿ ಬರೆದು ಮುಗಿದಿರುತ್ತದೆ. ಆ ಅಜ್ಜಿಯ ಭಾಷೆ ಯಾವುದು ಅಂತ ಗಣತಿಯವರನ್ನು ಕೇಳಿ. 2011ರ ಭಾಷಾ ಪಟ್ಟಿಯಲ್ಲಿ ಲಂಬಾಣಿ ಮಾತನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ. ಕಡೂರು ತಾಂಡಾದ ಅಜ್ಜಿ ದೆಹಲಿ ಪುಸ್ತಕದಲ್ಲಿ ಹಿಂದಿಯವಳು!

ಇಷ್ಟು ಬಗೆಯ ಜನಕ್ಕೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇರುವ ಮನೆ ಮೂರೇ: ಪ.ಜಾ., ಪ.ಪಂ., ಇತರೆ. ಕೆಲಸದ ಪಾಲಿಗಾಗಿ ಒಳಮೀಸಲಾತಿಯ ಹೋರಾಟ ಮೂವತ್ತು ವರ್ಷ ನಡೆದು, 2025ರ ಮೇ ತಿಂಗಳಿಂದ 101 ಜಾತಿಗಳನ್ನು ಮನೆ ಮನೆಗೆ ಹೋಗಿ ಎಣಿಸಿದರು. ಆಗಸ್ಟಿನಲ್ಲಿ ಸಂಪುಟ 6, 6, 5 ಅಂತ ಹಂಚಿತು. ಆ ಹಂಚಿಕೆಯಲ್ಲಿ ಅಲೆಮಾರಿಗಳಿಗೆ ಆದ ಅನ್ಯಾಯ ಇನ್ನೊಂದು ದಿನದ ಮಾತು. ನಾವು ಕೇಳುವುದು ಇಷ್ಟೆ: ನೌಕರಿಗೆ 101 ಮನೆ ಮಾಡಬಹುದಾದರೆ ಕಾಯಿಲೆಗೆ ಯಾಕೆ ಮೂರೇ ಮನೆ?

ಕಾಯಿಲೆಗೂ ಜಾತಿ ಉಂಟೆ ಅಂತ ಕೆಲವರು ಕೇಳುತ್ತಾರೆ. ರೋಗಾಣುವಿಗೆ ಜಾತಿ ಇಲ್ಲ, ನಿಜ. ಕುಡಿಯುವ ನೀರಿಗೆ ಇದೆ, ಮಾಡುವ ಕೆಲಸಕ್ಕೆ ಇದೆ, ಮನೆ ಕಟ್ಟಿದ ಜಾಗಕ್ಕೆ ಇದೆ.

ನೀರನ್ನೇ ತೆಗೆದುಕೊಳ್ಳಿ. ಕಡೂರು, ತರೀಕೆರೆ ಸೀಮೆಯ ಕೆಲವು ಕಡೆ ಬೋರಿನ ನೀರಿನಲ್ಲಿ ಫ್ಲೋರೈಡು ಮಿತಿ ಮೀರಿರುವುದು ಪರೀಕ್ಷೆಯಲ್ಲಿ ಕಂಡ ಸಂಗತಿ. ಕೆರೆಗಳು ಒಣಗಿ, ತೆಂಗು ಅಡಿಕೆಗೆ ಬೋರು ಕೊರೆದು ಕೊರೆದು, ನೀರು ಕಲ್ಲಿನ ಆಳಕ್ಕೆ ಇಳಿದ ಹಾಗೆಲ್ಲ ಆ ಕಲ್ಲಿನ ಫ್ಲೋರೈಡು ನೀರಿಗೆ ಬಿಡುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲವೆಂದರೆ 1.5 ತನಕ ಸೈರಿಸಬಹುದು ಅಂತ ಸರ್ಕಾರದ ಮಾನದಂಡ. ಮೀರಿದರೆ ಎಂಟು ವರ್ಷದೊಳಗಿನ ಮಕ್ಕಳಿಗೆ ಒಳಗೇ ಬೆಳೆಯುತ್ತಿರುವ ಹಲ್ಲು ಹುಟ್ಟುವಾಗಲೇ ಕಂದು ಪಟ್ಟಿ ಹೊತ್ತು ಹುಟ್ಟುತ್ತದೆ. ಉಜ್ಜಿದರೆ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಮೂಳೆ ಗಡುಸಾಗಿ ಕುತ್ತಿಗೆ, ಬೆನ್ನು, ಮಂಡಿ ಬಗ್ಗದ ಹಾಗಾಗುತ್ತದೆ. ಹಾಸ್ಟೆಲಿನಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗರು ಎಷ್ಟು ಜನ ಇದ್ದೀರಿ? ಹಲ್ಲುಜ್ಜದ ಜಾತಿ ಅಂತ ಕ್ಲಾಸಿನಲ್ಲಿ ಅನ್ನಿಸಿಕೊಂಡವರು ಎಷ್ಟು ಜನ? ಅದು ನಿಮ್ಮ ಕೊಳೆ ಅಲ್ಲ. ಊರಿನ ಬೋರಿನ ಕೊಳೆ.

ಈಗ ಇದರಲ್ಲಿ ಜಾತಿ ಎಲ್ಲಿ ಬಂತು? 1.5 ಮಿಲಿಗ್ರಾಂ ಅನ್ನುವ ಮಿತಿ ದಿನಕ್ಕೆ ಎರಡು ಲೀಟರಿನ ಆಸುಪಾಸು ಕುಡಿಯುವ ಮನುಷ್ಯನನ್ನು ಕಣ್ಣ ಮುಂದೆ ಇಟ್ಟುಕೊಂಡಂಥದ್ದು. ಫ್ಯಾನಿನ ಕೆಳಗೆ ಕೂತವನಿಗೆ ಸರಿ. ಮಾರ್ಚಿಯ ಬಿಸಿಲಿನಲ್ಲಿ ಗುಂಡಿ ತೆಗೆಯುವ ಭೋವಿ, ಈರುಳ್ಳಿ ಕೀಳುವ ಮಾದಿಗರ ಹೆಣ್ಣುಮಗಳು ನಾಲ್ಕು ಲೀಟರು ಕುಡಿಯುತ್ತಾರೆ. ಒಂದೇ ನೀರು, ಎರಡರಷ್ಟು ವಿಷ. ತೋಟದವರ ಮನೆಯಲ್ಲಿ ಫಿಲ್ಟರಿದೆ, ಹಾಲು ಮೊಸರಿದೆ. ಸುಣ್ಣದ ಅಂಶ ಮೈಯಲ್ಲಿದ್ದರೆ ಫ್ಲೋರೈಡಿನ ಪೆಟ್ಟು ಕಡಿಮೆ. ಕೂಲಿಯವರು ಕುಡಿಯುವುದು ತೋಟದ ಪಂಪಿನ ಬಾಯಿಗೆ ಬೊಗಸೆ ಒಡ್ಡಿ. ಊರಲ್ಲಿ ನಾಣ್ಯ ಹಾಕುವ ಶುದ್ಧ ನೀರಿನ ಘಟಕ ಇದೆ ಅನ್ನುತ್ತಾರೆ. ಕೆಟ್ಟು ನಿಂತಾಗ ಕೇರಿಯವರು ಏನು ಕುಡಿಯುತ್ತಾರೆ ಅಂತ ಯಾರೂ ಅನ್ನುವುದಿಲ್ಲ. ಇನ್ನೊಂದು ಮಾತು, ಅಮ್ಮಂದಿರಿಗೆ ಹೇಳಿ: ನೀರು ಕಾಯಿಸಿದರೆ ಫ್ಲೋರೈಡು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ.

ತಾಲ್ಲೂಕಿನ ಸರಾಸರಿ ತೆಗೆದರೆ ಇದು ಯಾವುದೂ ಕಾಣುವುದಿಲ್ಲ. ಗೌಡರ ಬೀದಿಯ ಹಲ್ಲೂ ಕೇರಿಯ ಹಲ್ಲೂ ಕೂಡಿಸಿ ಭಾಗಿಸಿದರೆ ಎಲ್ಲರ ಹಲ್ಲೂ ಅರ್ಧ ಬಿಳಿ.

ಅಡಿಕೆಯದು ಇನ್ನೊಂದು ಕಥೆ. ಮೊದಲು ಮಲೆನಾಡಿನ ಬೆಳೆ ಅನ್ನುತ್ತಿದ್ದ ಅಡಿಕೆ ಈಗ ತರೀಕೆರೆ, ಅಜ್ಜಂಪುರ, ಕಡೂರಿನ ರಾಗಿ ಹೊಲಗಳನ್ನು ನುಂಗಿದೆ. ಬೆಲೆ ಏರಿದಾಗ ಪೇಪರಿನಲ್ಲಿ ಬರುತ್ತದೆ. ಸೀಜನ್ನಿನಲ್ಲಿ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು ಕೆ.ಜಿ. ಲೆಕ್ಕದಲ್ಲಿ ಸುಲಿಯುವ ಹೆಂಗಸರ ಬೆರಳು, ಸೊಂಟ, ಬೆನ್ನು ಯಾವ ಪೇಪರಿನಲ್ಲೂ ಬರುವುದಿಲ್ಲ. ನಿದ್ದೆ ಬಾರದಿರಲಿ, ಹಸಿವು ಕಾಣದಿರಲಿ ಅಂತ ಬಾಯಿಗೆ ಎಲೆ, ಅಡಿಕೆ, ಹೊಗೆಸೊಪ್ಪು. ಬರೀ ಅಡಿಕೆಯೂ ಕ್ಯಾನ್ಸರು ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲೇ ಹೇಳಿತು. ನಮ್ಮ ಸೀಮೆಯಲ್ಲಿ ಇದನ್ನು ಜೋರಾಗಿ ಹೇಳಿದರೆ ಅಡಿಕೆ ಬೆಳೆಗಾರರ ವಿರೋಧಿ ಅನ್ನುತ್ತಾರೆ. ಅನ್ನಲಿ. ಬಾಯಿ ಅಗಲಕ್ಕೆ ತೆಗೆಯಲಾಗದ, ಖಾರ ತಿಂದರೆ ಉರಿಯುವ ಹುಡುಗರು ಹಾಸ್ಟೆಲಿನಲ್ಲೂ ಇದ್ದೀರಿ, ಗುಟ್ಕಾ ಪುಣ್ಯ. ಮೂರು ಬೆರಳು ನೆಟ್ಟಗೆ ಬಾಯಿಯೊಳಗೆ ಹೋಗದಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ.

ಹೆಂಗಸರ ವಿಷಯ ಬರೆಯುವುದಕ್ಕೆ ನಮ್ಮ ಪತ್ರಿಕೆಗಳೂ ಅಂಜುತ್ತವೆ. ಬರೆಯಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ರಕ್ತಹೀನತೆ. ಐದರೊಳಗಿನ ಮಕ್ಕಳಲ್ಲಿ ನೂರಕ್ಕೆ 65. ಇದು ಇಡೀ ರಾಜ್ಯದ ಸರಾಸರಿ. ಕೇರಿಯದ್ದು ಎಷ್ಟು? ಇನ್ನೂ ಕೆಟ್ಟದ್ದು ಕೇಳಿ. ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಂಗಸರಿಗೆ ಬಿಳಿಸೆರಗು, ಹೊಟ್ಟೆನೋವು ಅಂತ ಹೋದರೆ ಕ್ಯಾನ್ಸರು ಬರುತ್ತೆ ಅಂತ ಹೆದರಿಸಿ ಗರ್ಭಕೋಶವನ್ನೇ ತೆಗೆದುಹಾಕಿದ ಸಂಗತಿ 2015ರಲ್ಲಿ ಹೊರಬಿತ್ತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲೂ ಹಾಗೇ ಆಗಿ, ಲಂಬಾಣಿ ಹೆಂಗಸರು ಪರಿಹಾರಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ನಿಂತರು. ಅಲ್ಲಿ ಅದು ಬಯಲಾದದ್ದು ಯಾಕೆಂದರೆ ಯಾರೋ ತಾಂಡಾದಿಂದ ತಾಂಡಾಕ್ಕೆ ಹೋಗಿ ಹೆಂಗಸರನ್ನು ಕೂರಿಸಿಕೊಂಡು ಎಣಿಸಿದರು. ಅದಕ್ಕೂ ಮುಂಚೆ ಪ್ರತಿಯೊಬ್ಬಳೂ ಇದು ತನ್ನೊಬ್ಬಳ ಹಣೆಬರಹ ಅಂದುಕೊಂಡಿದ್ದಳು. ನಮ್ಮ ಮೂರು ತಾಲ್ಲೂಕಿನ ತಾಂಡಾಗಳಲ್ಲಿ ನಲವತ್ತರೊಳಗೆ ಗರ್ಭಕೋಶ ಕಳಕೊಂಡ ಹೆಂಗಸರು ಎಷ್ಟು? ಕೇಳಿದರೆ ತಾನೆ ಗೊತ್ತಾಗುವುದು.

ಗೊಲ್ಲರಹಟ್ಟಿಗಳ ಮಾತೂ ಬರಬೇಕು. 2024ರ ಜನವರಿಯಲ್ಲಿ ತರೀಕೆರೆ ತಾಲ್ಲೂಕಿನ ಗೇರುಮರಡಿಯ ಗೊಲ್ಲರಹಟ್ಟಿಯೊಳಕ್ಕೆ ಕೆಲಸಕ್ಕೆ ಹೋದ ದಲಿತ ಹುಡುಗನನ್ನು ಹೊಡೆದ ಸುದ್ದಿಯನ್ನು ರಾಜ್ಯವೆಲ್ಲ ಓದಿತು. ಹಟ್ಟಿ ಮೈಲಿಗೆಯಾಯಿತಂತೆ. ಸಿಟ್ಟು ನಮಗೂ ಇದೆ. ಆದರೆ ಇನ್ನೊಂದನ್ನೂ ನೋಡಿ. ನಮ್ಮನ್ನು ಹೊರಗಿಡುವ ಅದೇ ಮೈಲಿಗೆ ಅಲ್ಲಿನ ಹೆಂಗಸರನ್ನೂ ಹೊರಗಿಡುತ್ತದೆ. ಮುಟ್ಟಾದರೆ ಹಟ್ಟಿಯ ಹೊರಗೆ, ಹೆತ್ತರೆ ಹಸುಗೂಸಿನ ಸಮೇತ ಗುಡಿಸಲಿಗೆ. 2023ರ ಮಳೆಗಾಲದಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿಟ್ಟ ಬಾಣಂತಿಯ ಕೂಸು ಸತ್ತುಹೋಯಿತು. ಬೇಲಿ ದಾಟಿದ್ದಕ್ಕೆ ಏಟು ತಿಂದ ನಮ್ಮ ಹುಡುಗನೂ, ಬೇಲಿ ಹೊರಗೆ ಸತ್ತ ಅವರ ಕೂಸೂ ಒಂದೇ ಬೇಲಿಯ ಲೆಕ್ಕಕ್ಕೆ ಸೇರಬೇಕು. ದಲಿತ ಆಶಾ ಕಾರ್ಯಕರ್ತೆ ಆ ಬೇಲಿಯ ಮುಂದೆ ನಿಂತರೆ ಒಳಗಿನ ಬಾಣಂತಿಯ ಬಿ.ಪಿ. ನೋಡುವವರು ಯಾರು?

ಮಲೆನಾಡಿಗೆ ಹೋಗುವ ಕೂಲಿಗಳಿಗೆ ಮಂಗನ ಕಾಯಿಲೆಯ ಭಯ ಬೇರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗಕ್ಕೆ ಇದ್ದ ಹಳೇ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಿದರು. ಉಣ್ಣೆ ಕಚ್ಚುವುದು ಸೌದೆಗೆ, ದರಗಿಗೆ ಹೋದವರನ್ನು.

ಕೇರಿಯ ಮನೆಮನೆಗೆ ಹೋಗಿ ನೋಡಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. 1970ರ ದಶಕದ ನಡುವೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ದಲಿತರು ಸೊಂಟ, ಮಂಡಿ ಹಿಡಿದುಕೊಂಡು ತೆವಳುವ ಹಾಗಾದರು. ಗದ್ದೆಯ ಏಡಿ ತಿಂದದ್ದಕ್ಕೆ, ಏಡಿಯೊಳಗೆ ಕ್ರಿಮಿನಾಶಕ ಸೇರಿದ್ದಕ್ಕೆ ಹೀಗಾಗಿದೆ ಅಂತ ಮೊದಲು ಅನುಮಾನಪಟ್ಟರು. ಆಮೇಲೆ ಮನೆತನದ ಮೇಲೆ ಮನೆತನ ಹುಡುಕಿದಾಗ ಅದು ಚನ್ನಂಗಿ, ಛಲವಾದಿ ಸಂಸಾರಗಳಲ್ಲಿ ತಲೆಮಾರಿಂದ ಇಳಿದುಬರುವ ಮೂಳೆ ರೋಗ ಅಂತ ಗೊತ್ತಾಯಿತು. ನಮ್ಮ ಜಿಲ್ಲೆಯ ಮಲೆನಾಡಿನ ಕಡೆಯೂ ಸಿಕ್ಕಿತು. ಶಿವಮೊಗ್ಗ ಜಿಲ್ಲೆಯ ಸರಾಸರಿ ನೋಡುತ್ತ ಕೂತಿದ್ದರೆ ಹಂದಿಗೋಡು ಇವತ್ತಿಗೂ ಕಾಣುತ್ತಿರಲಿಲ್ಲ. ಹೆಸರೂ ಇಲ್ಲದ ರೋಗದಲ್ಲಿ ಜನ ತೆವಳುತ್ತಲೇ ಇರುತ್ತಿದ್ದರು.

ಆಸ್ಪತ್ರೆಯಲ್ಲಿ ಜಾತಿ ಕೇಳುವುದು ತಪ್ಪಲ್ಲವೆ ಅಂತ ಒಳ್ಳೆಯ ಮನಸ್ಸಿನವರೂ ಹೇಳುತ್ತಾರೆ. ಅವರಿಗೆ ನಮ್ಮ ಉತ್ತರ: ಕೇಳದೆ ಇರುವ ಆಸ್ಪತ್ರೆ ಯಾವುದು? ಚೀಟಿ ಮಾಡಿಸುವಾಗ ಕೇಳುತ್ತಾರೆ, ಸರ್ಟಿಫಿಕೇಟು ತಂದಿಲ್ಲ ಅಂತ ವಾಪಸು ಕಳಿಸುವಾಗ ಕೇಳುತ್ತಾರೆ. ಯಾವ ಕೇರಿಯಿಂದ ಯಾವ ಕಾಯಿಲೆ ಬರುತ್ತಿದೆ ಅಂತ ಕೂಡಿಸಿ ನೋಡುವಾಗ ಮಾತ್ರ ಎಲ್ಲರೂ ಜಾತ್ಯತೀತರು.

ಅಮೆರಿಕಾದ ಕರಿಯರು ಈ ಪ್ರಶ್ನೆಯನ್ನು ನಮಗಿಂತ ಬಹಳ ಮುಂಚೆ ಎದುರಿಸಿದರು. ಡುಬಾಯ್ಸ್ ಅನ್ನುವ ಕರಿಯ ವಿದ್ವಾಂಸ ಫಿಲಡೆಲ್ಫಿಯಾ ನಗರದ ಏಳನೇ ವಾರ್ಡಿನಲ್ಲಿ ಮನೆಮನೆ ಬಾಗಿಲು ತಟ್ಟಿ ತನ್ನ ಜನರನ್ನು ತಾನೇ ಎಣಿಸಿ 1899ರಲ್ಲಿ ಪುಸ್ತಕ ಮಾಡಿದ. ಕರಿಯರು ಹೆಚ್ಚು ಸಾಯುವುದು ಅವರ ರಕ್ತದ ದೋಷ ಅಂತ ಬಿಳಿಯರು ಹೇಳುತ್ತಿದ್ದ ಕಾಲ. ದೋಷ ರಕ್ತದಲ್ಲಿಲ್ಲ, ಮನೆಯಲ್ಲಿ, ನೀರಿನಲ್ಲಿ, ಕೂಲಿಯಲ್ಲಿದೆ ಅಂತ ಅಂಕಿಯಿಂದ ತೋರಿಸಿದ. 1946ರಲ್ಲಿ ಬಾಬಾಸಾಹೇಬರು ಕಾಗದ ಬರೆದದ್ದು ಇದೇ ಡುಬಾಯ್ಸ್‌ಗೆ. ಆಮೇಲೆ ಬ್ಲಾಕ್ ಪ್ಯಾಂಥರ್ಸ್ ಬಂದರು. ಅವರ ಹೆಸರಿನಿಂದ 1972ರಲ್ಲಿ ಮುಂಬಯಿಯ ದಲಿತ್ ಪ್ಯಾಂಥರ್ಸ್ ಹುಟ್ಟಿತು ಅಂತ ನೀವೆಲ್ಲ ಓದಿದ್ದೀರಿ. ಆ ಪ್ಯಾಂಥರ್ಸ್ ಕರಿಯರ ಕೇರಿಗಳಲ್ಲಿ ಉಚಿತ ಕ್ಲಿನಿಕ್ಕು ನಡೆಸಿದರು, ಕರಿಯರಲ್ಲಿ ಹೆಚ್ಚಾಗಿ ಕಾಣುವ ಕುಡುಗೋಲು ಕಣದ ರಕ್ತರೋಗಕ್ಕೆ 1971ರಿಂದ ತಾವೇ ರಕ್ತ ಪರೀಕ್ಷೆ ಮಾಡಿಸಿದರು ಅನ್ನುವುದನ್ನು ಎಷ್ಟು ಜನ ಓದಿದ್ದೀರಿ? ಹೆಸರು ಸಮುದ್ರ ದಾಟಿ ಬಂತು. ಕ್ಲಿನಿಕ್ಕು ಅಲ್ಲೇ ಉಳಿಯಿತು.

ಸರ್ಕಾರದಿಂದ ನಮಗೆ ಬೇಕಾದದ್ದು ಸ್ಪಷ್ಟ. ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ, ಸಂತೋಷ. ಕಡೂರಿನಿಂದ ಅದು 40 ಕಿ.ಮೀ. ಕೂಲಿ ಬಿಟ್ಟು, ಬಸ್ಸಿಗೆ ಕೊಟ್ಟು ಹೋಗಿ ಬರಬೇಕು. ಆ ಕಾಲೇಜಿನ ಹುಡುಗರನ್ನು ವರ್ಷಕ್ಕೊಮ್ಮೆ ಕ್ಯಾಂಪು, ಫೋಟೋ ಅಂತ ಕರೆತರುವುದು ಬೇಡ. ಕೇರಿ, ತಾಂಡಾ, ಹಟ್ಟಿಗಳ ಕಾಯಿಲೆ ಲೆಕ್ಕ ಹಿಡಿಯುವುದನ್ನು ಅವರ ಓದಿನೊಳಗೇ ಸೇರಿಸಲಿ. ಅಜ್ಜಂಪುರವನ್ನು ತಾಲ್ಲೂಕು ಮಾಡಿದ ಮೇಲೆ ಬೋರ್ಡು, ತಹಸೀಲ್ದಾರರ ಜೀಪು ಸಾಲದು. ಹೆರಿಗೆಯಲ್ಲಿ ರಕ್ತ ಹೋಗುವ ಹೆಂಗಸಿಗೆ ರಕ್ತ ಅಲ್ಲೇ ಸಿಗಬೇಕು. ಲಂಬಾಣಿ ಮಾತು ಬಲ್ಲ ಒಬ್ಬಳು ತಾಂಡಾದ ಹುಡುಗಿಗೆ ಆಸ್ಪತ್ರೆಯ ಚೀಟಿ ಕೊಡುವ ಜಾಗದಲ್ಲಿ ಕೆಲಸ ಕೊಡುವುದು ಎಷ್ಟು ದೊಡ್ಡ ಖರ್ಚು? 2013ರ ಕಾಯ್ದೆಯ ಪ್ರಕಾರ ನಮ್ಮ ಜನಸಂಖ್ಯೆಗೆ ತಕ್ಕಷ್ಟು ಹಣವನ್ನು ಪರಿಶಿಷ್ಟರ ಉಪಯೋಜನೆಗೆ ತೆಗೆದಿಡಬೇಕು. ಕೇರಿಯಿಂದ ಅಗತ್ಯದ ಪಟ್ಟಿ ಬಾರದಿದ್ದರೆ ಆ ಹಣ ರಸ್ತೆಗೂ ಕಮಾನಿಗೂ ಹೋಗುತ್ತದೆ.

ಪಟ್ಟಿ ಮಾಡುವವರು ಯಾರು? ನೀವೇ. ಬೇಸಿಗೆ ರಜೆಗೆ, ದಸರಾ ರಜೆಗೆ ಹಾಸ್ಟೆಲಿನಿಂದ ಊರಿಗೆ ಹೋಗುತ್ತೀರಿ. ಒಬ್ಬೊಬ್ಬರು ನಿಮ್ಮ ನಿಮ್ಮ ಕೇರಿಯ, ತಾಂಡಾದ ಮನೆಗಳನ್ನು ಎಣಿಸಿ. ನೋಟುಪುಸ್ತಕದಲ್ಲಿ ಮನೆಗೆ ಒಂದು ನಂಬರು ಹಾಕಿ, ಹೆಸರು ಬರೆಯಬೇಡಿ. ಎಷ್ಟು ಜನ ಇದ್ದಾರೆ, ಎಷ್ಟು ಜನ ಕೂಲಿಗೆ ಹೊರಗೆ ಹೋಗುತ್ತಾರೆ, ಯಾವ ತಿಂಗಳು, ಎಲ್ಲಿಗೆ. ಕುಡಿಯುವ ನೀರು ಎಲ್ಲಿಂದ. ಮಕ್ಕಳ ಹಲ್ಲು ಹೇಗಿದೆ. ಕತ್ತು ಬಗ್ಗಿಸಿ ಗದ್ದ ಎದೆಗೆ ಮುಟ್ಟಿಸಲು ದೊಡ್ಡವರಿಗೆ ಆಗುತ್ತದೆಯೆ. ಬಿ.ಪಿ., ಸಕ್ಕರೆ ಮಾತ್ರೆ ಯಾರು ತಿನ್ನುತ್ತಾರೆ, ಯಾರು ದುಡ್ಡಿಲ್ಲದೆ ಬಿಟ್ಟಿದ್ದಾರೆ. ಕಳೆದ ವರ್ಷ ಯಾರು ಸತ್ತರು, ಎಷ್ಟು ವಯಸ್ಸು, ಏನಾಗಿತ್ತು. ಗರ್ಭಕೋಶದ ಪ್ರಶ್ನೆಯನ್ನು ಹುಡುಗಿಯರು ಮಾತ್ರ ಕೇಳಿ, ಅದೂ ಒಬ್ಬೊಬ್ಬರನ್ನೇ ಕೂರಿಸಿಕೊಂಡು. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯ ಮಾಡಬೇಡಿ. ನೀರು ಪರೀಕ್ಷೆ ಮಾಡುವ ಕಿಟ್ಟನ್ನು ಜಲ ಜೀವನ್ ಯೋಜನೆಯಲ್ಲಿ ಗ್ರಾಮ ಪಂಚಾಯ್ತಿಗಳಿಗೆ ಕೊಟ್ಟಿದ್ದಾರೆ, ಬೀರುವಿನಿಂದ ಹೊರಗೆ ತೆಗೆಸಿ. ಕೇರಿಯ ನಲ್ಲಿ ನೀರು, ಊರ ನಲ್ಲಿ ನೀರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಒಟ್ಟು ಲೆಕ್ಕವನ್ನು ಮೂರು ಪ್ರತಿ ಮಾಡಿ. ಒಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ, ನಡಾವಳಿ ಪುಸ್ತಕಕ್ಕೆ ಹತ್ತಿಸಿ. ಒಂದನ್ನು ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಗೆ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಇನ್ನೊಂದು ನಿಮ್ಮ ಹತ್ತಿರ ಇರಲಿ. ಗಣತಿ ಬಂದಾಗ ಬೀಗ ಹಾಕಿದ ಮನೆ ಕಂಡರೆ ಎಣಿಸುವ ಮೇಷ್ಟರಿಗೆ ಈ ಮನೆಯವರು ಯಾವ ಎಸ್ಟೇಟಿನ ಯಾವ ಲೈನಿನಲ್ಲಿದ್ದಾರೆ ಅಂತ ಹೇಳಿ. ಅಲ್ಲಿರುವ ನಮ್ಮವರಿಗೂ ಫೋನು ಮಾಡಿ, ಎಣಿಸುವವರು ಬಂದರೋ ಇಲ್ಲವೋ ಕೇಳಿ.